20 ಕೆಜಿ ಕ್ಯಾಮೆರಾ ಹೊತ್ತು ಊರು ನೋಡಿದವನು: ಪ್ಯಾರಿಸ್‌ನ ಯೂಜೀನ್ ಅಟ್ಜೆ

ಈಗ ಕ್ಯಾಮೆರಾ ಅಂದ್ರೆ ಜೇಬಿನಲ್ಲಿರೋ ಮೊಬೈಲ್. ತೆಗೆದ್ವಿ, ಒತ್ತಿದ್ವಿ, ಮರೆತ್ವಿ. ಆದರೆ ನೂರು ವರ್ಷಗಳಿಗೂ ಹಿಂದೆ ಪ್ಯಾರಿಸ್‌ನಲ್ಲಿ ಒಬ್ಬಾತ ಮರದ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡ್, ಗಾಜಿನ ಪ್ಲೇಟುಗಳು ಎಲ್ಲ ಸೇರಿ ಸುಮಾರು 20 ಕೆಜಿ ಭಾರ ಹೊತ್ತು ಬೆಳಗಿನ ಜಾವ ಬೀದಿಗಿಳಿಯುತ್ತಿದ್ದ. ಸುಮಾರು 30 ವರ್ಷ ಇದೇ ಕೆಲಸ. ಆತನೇ ಯೂಜೀನ್ ಅಟ್ಜೆ.

ಹುಟ್ಟಿದ್ದು 1857ರ ಫೆಬ್ರವರಿ 12ರಂದು, ಫ್ರಾನ್ಸಿನ ಬೋರ್ಡೋ ಹತ್ತಿರದ ಲಿಬೂರ್ನ್‌ನಲ್ಲಿ. ಚಿಕ್ಕಂದಿನಲ್ಲೇ ತಂದೆ ತಾಯಿ ತೀರಿಕೊಂಡರು. ಸಾಕಿದ್ದು ತಾಯಿ ಕಡೆಯ ಅಜ್ಜ ಅಜ್ಜಿ. ಹರೆಯದಲ್ಲಿ ಹಡಗಿನಲ್ಲಿ ದುಡಿದ. ಆಮೇಲೆ ನಟ ಆಗಬೇಕು ಅಂತ ಪ್ಯಾರಿಸ್‌ಗೆ ಬಂದ. ನಾಟಕ ಶಾಲೆಗೆ ಸೇರಿದ್ದೂ ಆಯ್ತು, ಕಡ್ಡಾಯ ಸೈನಿಕ ಸೇವೆಯಿಂದಾಗಿ ಅದು ಅರ್ಧಕ್ಕೇ ನಿಂತೂ ಹೋಯ್ತು. ಊರೂರು ತಿರುಗುವ ತಂಡದಲ್ಲಿ ಪಾತ್ರ ಮಾಡ್ತಿದ್ದಾಗ ನಟಿ ವ್ಯಾಲೆಂಟೀನ್ ಬಾಳಸಂಗಾತಿಯಾದಳು. ಗಂಟಲಿನ ಕಾಯಿಲೆ ಬಂದು ನಟನೆಯನ್ನೂ ಬಿಡಬೇಕಾಯ್ತು. ಚಿತ್ರ ಬರೆಯಲು ಹೋದ, ಅದೂ ಕೈ ಹಿಡಿಯಲಿಲ್ಲ.

ಕೊನೆಗೆ ಹೊಟ್ಟೆಪಾಡಿಗೆ ಕ್ಯಾಮೆರಾ ಹಿಡಿದ. ಮರ, ಹೂವು, ಗಾಡಿಗಳ ಫೋಟೊ ತೆಗೆದು, ನೋಡಿ ಬರೆಯಲು ಬೇಕಾದ ಚಿತ್ರಕಾರರಿಗೆ ಮಾರುತ್ತಿದ್ದ. ಅಷ್ಟರಲ್ಲಾಗಲೇ ಅಗಲ ರಸ್ತೆಗಳಿಗಾಗಿ ಹಳೇ ಪ್ಯಾರಿಸ್‌ನ ದೊಡ್ಡ ಭಾಗವನ್ನು ಕೆಡವಿ ಆಗಿತ್ತು. ಉಳಿದ ಗಲ್ಲಿಗಳೂ ಒಂದೊಂದಾಗಿ ಹೋಗುತ್ತಿದ್ದವು. 1897-98ರ ಸುಮಾರಿಗೆ ಅಟ್ಜೆ ಆ ಗಲ್ಲಿಗಳ ಕಡೆ ತಿರುಗಿದ. ಕಾರ್ನವಾಲೆ ಮ್ಯೂಸಿಯಂ, ಗ್ರಂಥಾಲಯಗಳು ಆತನ ಫೋಟೊ ಕೊಳ್ಳತೊಡಗಿದವು.

ಅಷ್ಟು ಭಾರ ಹೊತ್ತವನು ಸುಮ್ಮನೆ ಸುತ್ತಾಡೋಕೆ ಆಗಲ್ಲ ನೋಡಿ. ಒಂದೊಂದು ಪ್ಲೇಟಿಗೂ ದುಡ್ಡು. ಎಲ್ಲಿ ನಿಲ್ಲಬೇಕು, ಯಾವುದು ಬೇಕು, ಯಾವುದು ಬೇಡ ಅಂತ ಮೊದಲೇ ನೋಡಿ ತೀರ್ಮಾನಿಸಬೇಕು. ಹಾಗಾಗಿ ಜನ ದಿನಾ ದಾಟಿ ಹೋಗುತ್ತಿದ್ದ ಬಾಗಿಲ ಚಿಲಕ, ಮೆಟ್ಟಿಲ ಕಂಬಿ, ಅಂಗಡಿ ಬೋರ್ಡು, ಹಿತ್ತಲಂಗಳ ಆತನ ಕಣ್ಣಿಗೆ ಬಿದ್ದವು. ಚಿಂದಿ ಆಯುವವರು, ಬೀದಿ ವ್ಯಾಪಾರಿಗಳೂ ಕಂಡರು. ಲೆನ್ಸ್ ಬಹಳ ಹೊತ್ತು ತೆರೆದಿಡಬೇಕಿದ್ದರಿಂದ ಅಲುಗಾಡಿದವರು ಕೆಲವು ಫೋಟೊಗಳಲ್ಲಿ ಹೊಗೆಯಂತೆ ಮೂಡಿದ್ದಾರೆ. ಊರಿಗೆಲ್ಲ ಎದ್ದು ಕಾಣೋ ಐಫೆಲ್ ಗೋಪುರ ಮಾತ್ರ ಆತನ ಚಿತ್ರಗಳಲ್ಲಿ ಸಿಗೋದು ಅಪರೂಪ.

1914ರಲ್ಲಿ ಮಹಾಯುದ್ಧ ಶುರುವಾಯ್ತು. ವ್ಯಾಲೆಂಟೀನ್‌ಳ ಮಗ ರಣರಂಗದಲ್ಲಿ ಸತ್ತ. ಫೋಟೊ ತೆಗೆಯೋದು ಹೆಚ್ಚುಕಡಿಮೆ ನಿಂತೇಹೋಯ್ತು. ಗಾಜಿನ ನೆಗೆಟಿವ್‌ಗಳನ್ನು ನೆಲಮಾಳಿಗೆಯಲ್ಲಿಟ್ಟು ಕಾಪಾಡಿಕೊಂಡ. 1920ರಲ್ಲಿ 2,600ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು 10,000 ಫ್ರಾಂಕ್‌ಗೆ ಸರ್ಕಾರಕ್ಕೆ ಮಾರಿದ.

ಆ ದುಡ್ಡು ಬಂದ ಮೇಲೆ ತನಗೆ ಬೇಕಾದ್ದನ್ನೇ ತೆಗೆಯತೊಡಗಿದ. ಸೇಂಟ್ ಕ್ಲೌಡ್ ಉದ್ಯಾನಕ್ಕೆ ಮತ್ತೆ ಮತ್ತೆ ಹೋದ. ಅಂಗಡಿ ಗಾಜಿನ ಮುಂದೆ ನಿಂತು, ಒಳಗಿನ ಬೊಂಬೆಗಳನ್ನೂ ಗಾಜಿನಲ್ಲಿ ಕಾಣೋ ಎದುರು ಬೀದಿಯನ್ನೂ ಒಂದೇ ಚಿತ್ರದಲ್ಲಿ ಹಿಡಿದ.

ಅದೇ ಬೀದಿಯಲ್ಲಿದ್ದ ಕಲಾವಿದ ಮ್ಯಾನ್ ರೇ ಕೆಲವು ಚಿತ್ರ ಕೊಂಡ. 1926ರಲ್ಲಿ ಒಂದು ಚಿತ್ರ ಪತ್ರಿಕೆಯೊಂದರ ಮುಖಪುಟಕ್ಕೆ ಬಂದಾಗ ತನ್ನ ಹೆಸರು ಹಾಕೋದು ಬೇಡ ಅಂದುಬಿಟ್ಟ ಅಟ್ಜೆ. ತಾನು ಮಾಡ್ತಿರೋದು ಬರೀ ದಾಖಲೆ ಅನ್ನೋದು ಆತನ ನಿಲುವು. ಅದೇ ವರ್ಷ ವ್ಯಾಲೆಂಟೀನ್ ತೀರಿಕೊಂಡಳು.

1927ರಲ್ಲಿ, ಹಿಂದೆ ಮ್ಯಾನ್ ರೇ ಸಹಾಯಕಿಯಾಗಿದ್ದ ಅಮೆರಿಕದ ಬೆರೆನಿಸ್ ಅಬಟ್ ಆತನ ಭಾವಚಿತ್ರ ತೆಗೆದಳು. ಅದನ್ನು ತೋರಿಸೋಕೆ ಹೋಗುವಷ್ಟರಲ್ಲಿ ಅಟ್ಜೆ ಇರಲಿಲ್ಲ. ಆಗಸ್ಟ್ 4ರಂದು ತೀರಿಕೊಂಡಿದ್ದ. ಉಳಿದಿದ್ದ ಸಾವಿರಾರು ಚಿತ್ರಗಳನ್ನು ಅಬಟ್ ಕೊಂಡು ಉಳಿಸಿದಳು. 1929ರಲ್ಲಿ ನ್ಯೂಯಾರ್ಕ್‌ಗೆ ಮರಳಿದಾಗ ಅಲ್ಲೂ ಹಳೇ ಕಟ್ಟಡಗಳು ಉರುಳಿ ಗಗನಚುಂಬಿಗಳು ಏಳುತ್ತಿದ್ದವು. ಅದನ್ನು ಕಂಡು ಅಲ್ಲೇ ಉಳಿದಳು, ಬದಲಾಗುತ್ತಿದ್ದ ಆ ಊರನ್ನು ವರ್ಷಗಟ್ಟಲೆ ಚಿತ್ರಿಸಿದಳು. ಅಟ್ಜೆಯ ಸಂಗ್ರಹ 1968ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂ ಸೇರಿತು.

ಆತ ತೆಗೆದ ಎಷ್ಟೋ ಬಾಗಿಲುಗಳು ಈಗಿಲ್ಲ, ಫೋಟೊಗಳಿವೆ. ನಾಳೆ ಪೇಟೆಗೆ ಹೋದಾಗ ಸೆಲ್ಫಿಗೆ ಮುಂಚೆ ಎದುರಿನ ಹಳೇ ಅಂಗಡಿ ಕಡೆ ಒಮ್ಮೆ ಮೊಬೈಲ್ ತಿರುಗಿಸಿ. ಮುಂದಿನ ವರ್ಷ ಅದು ಅಲ್ಲೇ ಇರುತ್ತೆ ಅನ್ನೋ ಖಾತ್ರಿ ಯಾರಿಗಿದೆ?