ಮರ ನೆಟ್ಟು ಯುವಕರನ್ನು ಉಳಿಸಿದ ನಾಯಕ

ಮೂಡಿಗೆರೆ, ಕಳಸದ ಕಡೆಯವರು 2019ರ ಆಗಸ್ಟ್ ತಿಂಗಳನ್ನು ಮರೆಯುವಂತಿಲ್ಲ. ಎಡೆಬಿಡದೆ ಸುರಿದ ಮಳೆಗೆ ಗುಡ್ಡಗಳು ಜರಿದವು. ತಲೆಮಾರುಗಳಿಂದ ಸಾಕಿದ ಕಾಫಿ ಗಿಡ, ಗದ್ದೆ, ಮನೆಗಳು ಕೆಸರಿನ ಪಾಲಾದವು. ಅದನ್ನು ನಾವೆಲ್ಲರೂ ಕಂಡೆವು, ಕೈಲಾದ ನೆರವನ್ನೂ ನೀಡಿದೆವು. ಆದರೆ ನಮ್ಮ ಧರ್ಮಕೇಂದ್ರಗಳಲ್ಲಿ ಸದ್ದಿಲ್ಲದೆ ನಡೆಯುತ್ತಿರುವ ಇನ್ನೊಂದು ಕುಸಿತವಿದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟು, ಕಾಯಂ ಕೆಲಸವಿಲ್ಲದೆ, ಸಂಜೆಯಾದರೆ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು, ಮೆಲ್ಲಮೆಲ್ಲನೆ ಕುಡಿತಕ್ಕೆ ಜಾರುವ ಯುವಕರ ಬದುಕು ಅದು. ಅವರಿಗೆ ನಾವು ಕೊಡುವುದು ಹೆಚ್ಚಾಗಿ ಬುದ್ಧಿಮಾತು ಮಾತ್ರ.

ಗುಡ್ಡದ ಕುಸಿತವನ್ನೂ ಯುವಕರ ಕುಸಿತವನ್ನೂ ಒಂದೇ ಕೆಲಸದಿಂದ ತಡೆಯಬಹುದೆಂದು ನಂಬಿ, ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ ಒಬ್ಬರ ಜೀವನವನ್ನು ಈ ವಾರ ನೆನೆಯೋಣ. ಅವರೇ ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ಡೆಲಾನೊ ರೂಸ್‌ವೆಲ್ಟ್. ಅವರು ಕಥೋಲಿಕರಲ್ಲ, ಸಂತರೂ ಅಲ್ಲ. ಆದರೂ ಅವರಿಂದ ನಾವು ಕಲಿಯಬೇಕಾದುದು ಬಹಳವಿದೆ.

ಹಾಸಿಗೆ ಹಿಡಿದ ಶ್ರೀಮಂತ

ರೂಸ್‌ವೆಲ್ಟ್ ಹುಟ್ಟಿದ್ದು 1882ರ ಜನವರಿ 30ರಂದು, ನ್ಯೂಯಾರ್ಕ್ ರಾಜ್ಯದ ಹಡ್ಸನ್ ನದಿಯ ದಂಡೆಯ ಹೈಡ್ ಪಾರ್ಕ್ ಎಂಬ ಊರಿನಲ್ಲಿ. ಸ್ಥಿತಿವಂತರ ಮನೆ. ತಾಯಿಗೆ ಒಬ್ಬನೇ ಮಗ. ಕಷ್ಟವೆಂದರೇನೆಂದು ಅರಿಯದ ಬಾಲ್ಯ. 1905ರಲ್ಲಿ ಎಲಿನಾರ್ ಅವರೊಂದಿಗೆ ವಿವಾಹವಾಯಿತು. 1911ರಲ್ಲಿ ರಾಜ್ಯದ ಶಾಸನಸಭೆಗೆ ಹೋದಾಗ ಅರಣ್ಯಕ್ಕೆ ಸಂಬಂಧಿಸಿದ ಸಮಿತಿಯ ಹೊಣೆ ಅವರ ಪಾಲಿಗೆ ಬಂತು. ಕಾಡು ಕಡಿದ ಚೀನಾದ ಒಂದು ಕಣಿವೆ ಹೇಗೆ ಬರಡಾಯಿತೆಂಬುದನ್ನು ಅರಣ್ಯತಜ್ಞರೊಬ್ಬರು ಚಿತ್ರಗಳ ಮೂಲಕ ತೋರಿಸಿದ್ದು ಅವರ ಮನಸ್ಸಿನಲ್ಲಿ ಆಳವಾಗಿ ನಾಟಿತು. ತಮ್ಮ ಜಮೀನಿನಲ್ಲೂ ಅವರು ಮರ ನೆಡಿಸತೊಡಗಿದರು. ಜೀವನದುದ್ದಕ್ಕೂ ಅಲ್ಲಿ ನೆಟ್ಟ ಮರಗಳ ಸಂಖ್ಯೆ ಐದು ಲಕ್ಷ ದಾಟಿತು.

1921ರ ಆಗಸ್ಟ್‌ನಲ್ಲಿ, 39ನೇ ವಯಸ್ಸಿನಲ್ಲಿ, ಪೋಲಿಯೊ ರೋಗ ಅವರ ಎರಡೂ ಕಾಲುಗಳನ್ನು ಕಸಿದುಕೊಂಡಿತು. ಮತ್ತೆಂದೂ ಆಸರೆಯಿಲ್ಲದೆ ನಡೆಯಲು ಅವರಿಂದ ಆಗಲಿಲ್ಲ. ಚಿಕಿತ್ಸೆಗೆಂದು ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿನ ಬಿಸಿನೀರಿನ ಬುಗ್ಗೆಗೆ ಹೋದರು. ತಮ್ಮ ಸಂಪತ್ತಿನ ದೊಡ್ಡ ಪಾಲನ್ನು ಹಾಕಿ 1926ರಲ್ಲಿ ಆ ಸ್ಥಳವನ್ನೇ ಕೊಂಡು ಪೋಲಿಯೊ ಪೀಡಿತರ ಆರೈಕೆಗೆ ತೆರೆದರು. ಕೈಯಿಂದಲೇ ನಡೆಸಬಹುದಾದ ಕಾರಿನಲ್ಲಿ ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ ಬಡ ರೈತರೊಂದಿಗೆ ಮಾತನಾಡುತ್ತಿದ್ದರು. ಮೇಲ್ಮಣ್ಣು ಕೊಚ್ಚಿಹೋಗಿ ಕೊರಕಲು ಬಿದ್ದ ಹೊಲಗಳನ್ನೂ, ಅದರ ಬೆನ್ನಿಗೇ ಬಂದ ಬಡತನವನ್ನೂ ಅವರು ಕಂಡದ್ದು ಅಲ್ಲಿ. ಕಾಲು ಕಳೆದುಕೊಂಡ ಮೇಲೆ ಅವರ ಕಣ್ಣು ತೆರೆಯಿತೆಂದರೆ ತಪ್ಪಾಗದು.

ಮೂವತ್ತು ಡಾಲರ್

1933ರ ಮಾರ್ಚ್ 4ರಂದು ಅವರು ಅಧ್ಯಕ್ಷರಾದಾಗ ಅಮೆರಿಕದ ದುಡಿಯುವ ಜನರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಸಾವಿರಾರು ಹುಡುಗರು ಮನೆಗೆ ಹೊರೆಯಾಗಬಾರದೆಂದು ಗೂಡ್ಸ್ ರೈಲು ಹತ್ತಿ ಊರೂರು ಅಲೆಯುತ್ತಿದ್ದರು. ಅದೇ ಮಾರ್ಚ್ 31ರಂದು ರೂಸ್‌ವೆಲ್ಟ್ ಒಂದು ಕಾನೂನಿಗೆ ಸಹಿ ಹಾಕಿದರು. ಅದರಿಂದ ಹುಟ್ಟಿದ್ದೇ ನಾಗರಿಕ ಸಂರಕ್ಷಣಾ ದಳ. ಸರಕಾರದ ನೆರವಿನಲ್ಲಿ ಬದುಕುತ್ತಿದ್ದ ಬಡ ಕುಟುಂಬಗಳ, 18ರಿಂದ 25 ವರ್ಷದೊಳಗಿನ ಅವಿವಾಹಿತ ಯುವಕರನ್ನು ಆರಿಸಿ ಕಾಡಿನ ಶಿಬಿರಗಳಿಗೆ ಕಳುಹಿಸಲಾಯಿತು. ಮೊದಲ ಶಿಬಿರ ಏಪ್ರಿಲ್ 17ರಂದೇ ವರ್ಜೀನಿಯಾದಲ್ಲಿ ಆರಂಭವಾಯಿತು. ಜುಲೈ ಹೊತ್ತಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಯುವಕರು ಸೇರಿದ್ದರು.

ಅವರ ಕೆಲಸ ಸಸಿ ನೆಡುವುದು, ಕೊರಕಲುಗಳಿಗೆ ಅಡ್ಡಕಟ್ಟೆ ಕಟ್ಟುವುದು, ಇಳಿಜಾರಿನ ಮಣ್ಣನ್ನು ಹಿಡಿದು ನಿಲ್ಲಿಸುವುದು, ಕಾಳ್ಗಿಚ್ಚು ಆರಿಸುವುದು. ತಿಂಗಳಿಗೆ ಸಂಬಳ 30 ಡಾಲರ್. ಅದರಲ್ಲಿ ಸುಮಾರು 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. ಪ್ರಿಯ ವಾಚಕರೇ, ಈ ಒಂದು ಏರ್ಪಾಡಿನ ಹಿಂದಿನ ವಿವೇಕವನ್ನು ಗಮನಿಸಿ. ನಿನ್ನೆಯವರೆಗೆ ಮನೆಗೆ ಭಾರವಾಗಿದ್ದ ಮಗ ಇಂದು ತಮ್ಮ ತಂಗಿಯರಿಗೆ ಅನ್ನ ಹಾಕುವವನಾದ. ಹೊಟ್ಟೆ ತುಂಬ ಮೂರು ಹೊತ್ತು ಊಟ, ಸಂಜೆ ಪಾಠ. ಓದು ಬರಹ ಬಾರದ 40,000ಕ್ಕೂ ಹೆಚ್ಚು ಯುವಕರು ಶಿಬಿರಗಳಲ್ಲಿ ಅಕ್ಷರ ಕಲಿತರು. 1942ರಲ್ಲಿ ದಳ ಮುಚ್ಚುವ ವೇಳೆಗೆ ಸುಮಾರು 30 ಲಕ್ಷ ಜನ ಅದರಲ್ಲಿ ದುಡಿದಿದ್ದರು. ಅವರು ನೆಟ್ಟ ಮರಗಳು ಸುಮಾರು 300 ಕೋಟಿ.

1932ರ ಚುನಾವಣಾ ಪ್ರಚಾರದ ವೇಳೆ ಡೆಟ್ರಾಯಿಟ್ ನಗರದ ಭಾಷಣದಲ್ಲಿ ರೂಸ್‌ವೆಲ್ಟ್, ವಿಶ್ವಗುರು ಹನ್ನೊಂದನೆಯ ಪಯಸ್‌ರವರು ಹಿಂದಿನ ವರ್ಷ ಹೊರಡಿಸಿದ್ದ ಸಾಮಾಜಿಕ ನ್ಯಾಯದ ವಿಶ್ವಪತ್ರವನ್ನು ಗೌರವದಿಂದ ಉಲ್ಲೇಖಿಸಿದ್ದರು. ಧರ್ಮಸಭೆಯ ಬೋಧನೆಯನ್ನು ಹೊರಗಿನವರೊಬ್ಬರು ಅಷ್ಟು ಗಂಭೀರವಾಗಿ ತೆಗೆದುಕೊಂಡರು. ಒಳಗಿರುವ ನಾವು?

ತಪ್ಪುಗಳೂ ಪಾಠವೇ

ಕಾನೂನು ಬಣ್ಣದ ಭೇದವನ್ನು ನಿಷೇಧಿಸಿದ್ದರೂ ಕಪ್ಪು ಜನಾಂಗದ ಯುವಕರನ್ನು ಬಹುತೇಕ ಬೇರೆ ಶಿಬಿರಗಳಲ್ಲಿ ಇರಿಸಲಾಯಿತು. ಹೆಣ್ಣುಮಕ್ಕಳಿಗೆ ದಳದಲ್ಲಿ ಸ್ಥಳವೇ ಇರಲಿಲ್ಲ. ಎಲಿನಾರ್ ಪಟ್ಟುಹಿಡಿದುದರಿಂದ ಪ್ರತ್ಯೇಕ ಶಿಬಿರಗಳೇನೋ ನಡೆದವು, ಆದರೆ ಅವು ಮುಟ್ಟಿದ್ದು ಕೆಲವೇ ಸಾವಿರ ಸ್ತ್ರೀಯರನ್ನು. ಯುದ್ಧಕಾಲದಲ್ಲಿ ಜಪಾನಿ ಮೂಲದ ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿ ಕೂಡಿಹಾಕಿದ್ದು ರೂಸ್‌ವೆಲ್ಟರ ಹೆಸರಿಗೆ ಅಂಟಿದ ದೊಡ್ಡ ಕಳಂಕ. ಭೂಮಿಯ ವಿಷಯದಲ್ಲೂ ಎಡವಿದ್ದುಂಟು. ಮಣ್ಣು ಹಿಡಿಯಲೆಂದು ನೆಟ್ಟ ಕುಡ್ಜು ಎಂಬ ಹೊರದೇಶದ ಬಳ್ಳಿ ಮುಂದೆ ಅಲ್ಲಿನ ಗಿಡಮರಗಳನ್ನೇ ಮುಚ್ಚಿ ಬೆಳೆಯಿತು. ಅವಸರದಲ್ಲಿ ಅಕೇಶಿಯಾ ನೆಟ್ಟ ನಮ್ಮ ಮಲೆನಾಡಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

1944ರ ಚುನಾವಣೆಯ ದಿನ ಮತಗಟ್ಟೆಯಲ್ಲಿ ಉದ್ಯೋಗ ಕೇಳಿದಾಗ ಅವರು ಹೇಳಿದ್ದು ಅಧ್ಯಕ್ಷನೆಂದಲ್ಲ, ಮರ ಬೆಳೆಸುವವನೆಂದು. 1945ರ ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸ್‌ನಲ್ಲಿಯೇ ಕೊನೆಯುಸಿರೆಳೆದರು. ಹೈಡ್ ಪಾರ್ಕ್‌ನ ಮನೆಯ ತೋಟದಲ್ಲಿ ಅವರ ಸಮಾಧಿಯಿದೆ.

ನಮ್ಮ ಮನೆಗೆ, ನಮ್ಮ ಧರ್ಮಕೇಂದ್ರಕ್ಕೆ

ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಕೃಷಿಮಾಡಲು ಮತ್ತು ಕಾಯಲು ಎಂದು ಆದಿಕಾಂಡ ತಿಳಿಸುತ್ತದೆ. ದುಡಿಮೆಯಿಂದ ಮನುಷ್ಯನು ಮಣ್ಣನ್ನಷ್ಟೇ ಬದಲಿಸುವುದಿಲ್ಲ, ತಾನೂ ಮನುಷ್ಯನಾಗಿ ಬೆಳೆಯುತ್ತಾನೆ ಎಂಬುದು ಸಂತ ಎರಡನೆಯ ಜಾನ್ ಪೌಲರು 1981ರಲ್ಲಿ ವಿಶ್ವಪತ್ರದ ಮೂಲಕ ನೀಡಿದ ಬೋಧನೆ. ದಾನ ಪಡೆದವನು ತಲೆ ತಗ್ಗಿಸುತ್ತಾನೆ, ದುಡಿದು ಪಡೆದವನು ತಲೆ ಎತ್ತುತ್ತಾನೆ.

ಪ್ರತಿ ಜೂನ್‌ನಲ್ಲಿ ನಾವು ದೇವಾಲಯದ ಅಂಗಳದಲ್ಲಿ ಒಂದು ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತೇವೆ. ಕಟ್ಟೆಯ ಮೇಲೆ ಕುಳಿತ ಹುಡುಗ ಆ ಫೋಟೊದಲ್ಲಿ ಇರುವುದಿಲ್ಲ. ಅವನನ್ನು ಹೆಸರು ಹಿಡಿದು ಕರೆಯೋಣ. ತೋಟ ಇರುವವರು ತಮ್ಮ ಹಳ್ಳದ ದಂಡೆಯ ಒಂದಿಷ್ಟು ಜಾಗ ಬಿಟ್ಟುಕೊಡಲಿ. ಲಂಟಾನ ಕೀಳಿಸಿ, ಹೊನ್ನೆ, ಮತ್ತಿ, ನೇರಳೆ, ಹಲಸು ನೆಡಿಸಿ, ಎರಡು ಬೇಸಿಗೆ ಕಾಯುವ ಕೆಲಸವನ್ನು ಆ ಹುಡುಗರಿಗೇ ಒಪ್ಪಿಸಲಿ. ಬಿಟ್ಟಿ ಸೇವೆಯೆಂದಲ್ಲ, ನ್ಯಾಯವಾದ ಕೂಲಿ ಕೊಟ್ಟು. ಆ ಕೂಲಿಯ ಒಂದು ಪಾಲು ಅವನ ತಾಯಿಯ ಕೈ ಸೇರಲಿ. ಹೆಣ್ಣುಮಕ್ಕಳನ್ನು ಹೊರಗಿಡುವುದು ಬೇಡ, ಯಾವ ಜಾತಿಯವನೆಂದು ಕೇಳುವುದೂ ಬೇಡ.

ಈ ವಾರ ಕುಟುಂಬ ಪ್ರಾರ್ಥನೆಯ ಬಳಿಕ ಒಂದು ಪ್ರಶ್ನೆಯನ್ನು ಮನೆಮಂದಿಯೆಲ್ಲ ಕುಳಿತು ಕೇಳಿಕೊಳ್ಳಿ: ನಮ್ಮ ಕೇರಿಯಲ್ಲಿ ಹಾಗೆ ಕೆಲಸಕ್ಕಾಗಿ, ಒಂದು ಕರೆಗಾಗಿ ಕಾಯುತ್ತಿರುವ ಹುಡುಗ ಯಾರು? ಬಡಗಿಯ ಮನೆಯಲ್ಲಿ ಕೈಕೆಲಸ ಕಲಿತು ಬೆಳೆದ ಪ್ರಭು ಯೇಸು, ಉತ್ತರ ಕೊಡುವ ಧೈರ್ಯವನ್ನು ನಮಗೆ ಅನುಗ್ರಹಿಸಲಿ.