ತೃಷೆ ತಣಿದ ಬಾಳು: ಪಂಡಿತಾ ರಮಾಬಾಯಿ

ಪರಮಾತ್ಮನನ್ನರಸಿ ಹೊರಟ ಜೀವಕ್ಕೆ ಎಲ್ಲಿ ನೆಮ್ಮದಿ ದೊರೆಯುವುದೆಂಬುದನ್ನು ಲೋಕವು ಮೊದಲೇ ಗೊತ್ತುಪಡಿಸಲಾರದು. ಹದಿನೆಂಟು ಸಹಸ್ರ ಶ್ಲೋಕಗಳ ಭಾಗವತವನ್ನು ಕಂಠಸ್ಥಮಾಡಿಕೊಂಡಿದ್ದ ವಿದುಷಿಯೊಬ್ಬರು ಕ್ರಿಸ್ತನ ಪಾದದಲ್ಲಿ ಶಾಂತಿಯನ್ನು ಕಂಡುಕೊಂಡ ವೃತ್ತಾಂತವು ಇದಕ್ಕೆ ಉಜ್ವಲ ನಿದರ್ಶನ. ಆ ಮಹನೀಯೆ ಪಂಡಿತಾ ರಮಾಬಾಯಿಯವರು. ಕನ್ನಡನಾಡಿನ ಮಣ್ಣಿನಲ್ಲಿ ಜನಿಸಿದವರು.

ಕಾರ್ಕಳದ ಸಮೀಪದ ಮಾಳ ಗ್ರಾಮದ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತದಲ್ಲಿ ಉದ್ದಾಮ ಪಂಡಿತರು. ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ದೇವಭಾಷೆಯನ್ನು ಕಲಿಸಿದ ಅಪರಾಧಕ್ಕಾಗಿ ಉಡುಪಿಯ ವಿದ್ವತ್ಸಭೆಯ ಮುಂದೆ ಉತ್ತರ ಹೇಳಬೇಕಾಯಿತು. ಶಾಸ್ತ್ರಾಧಾರಗಳಿಂದಲೇ ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡ ಶಾಸ್ತ್ರಿಗಳು ಪಶ್ಚಿಮಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಆಶ್ರಮವನ್ನು ಕಟ್ಟಿ ನೆಲೆಸಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿಯವರ ಜನನ. ಅತಿಥಿಸತ್ಕಾರದಿಂದ ಬೆಳೆದ ಸಾಲವು ಸಂಸಾರವನ್ನು ಬೀದಿಗೆ ತಂದಿತು. ಹಸುಳೆಯನ್ನು ಬೆತ್ತದ ಬುಟ್ಟಿಯಲ್ಲಿ ಹೊರಿಸಿಕೊಂಡು ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ದೇವಾಲಯಗಳಲ್ಲಿ ಪುರಾಣ ಪಠಿಸಿ, ಬಂದ ದಕ್ಷಿಣೆಯಿಂದ ಉದರಭರಣ. ದಾರಿಯೇ ಬಾಲೆಯ ಪಾಠಶಾಲೆ, ತಾಯಿಯೇ ಗುರು.

ಮದರಾಸು ಪ್ರಾಂತದ ಕ್ಷಾಮವು ಈ ಸಂಸಾರವನ್ನು ನುಂಗಿತು. ಇದ್ದುದೆಲ್ಲವನ್ನೂ ದಾನವಾಗಿ ಕೊಟ್ಟು, ವ್ರತೋಪವಾಸಗಳನ್ನು ಮಾಡಿ, ದೈವಕೃಪೆಗಾಗಿ ಕಾದರೂ ಫಲವಾಗಲಿಲ್ಲ. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ ಸಹಸ್ರಾರು ಮೈಲಿಗಳನ್ನು ಕಾಲ್ನಡೆಯಲ್ಲಿ ಸವೆಸಿ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಈ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಬಿರುದುಗಳನ್ನಿತ್ತು ಗೌರವಿಸಿದರು.

ಆದರೆ ಸನ್ಮಾನದ ನಡುವೆಯೂ ಅಂತರಂಗದಲ್ಲಿ ಶೂನ್ಯ ಬೆಳೆಯುತ್ತಿತ್ತು. ಧರ್ಮಶಾಸ್ತ್ರಗಳನ್ನು ಸ್ವತಃ ಓದಿದಾಗ, ಸ್ತ್ರೀಯರಿಗೂ ಶೂದ್ರರಿಗೂ ಅವು ಮುಕ್ತಿಯ ಬಾಗಿಲನ್ನು ಮುಚ್ಚಿವೆಯೆಂದೇ ಅವರಿಗೆ ತೋರಿತು. ಹನ್ನೆರಡನೆಯ ಶತಮಾನದಲ್ಲಿ ಶಿವಶರಣರು ಸ್ತ್ರೀಪುರುಷರಿಬ್ಬರಿಗೂ ಸಮಾನವಾಗಿ ಇಷ್ಟಲಿಂಗದ ಅಧಿಕಾರವನ್ನು ನೀಡಿದ್ದ ನಾಡಿನಲ್ಲೇ ಹುಟ್ಟಿದ ಈಕೆಗೆ ಆ ದಾರಿಯ ಪರಿಚಯ ಒದಗಲಿಲ್ಲವೆಂಬುದು ವಿಧಿವಿಲಾಸ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಕು ಕಂಡದ್ದು 1923ರಲ್ಲಿ, ರಮಾಬಾಯಿಯವರು ಕಾಲವಾದ ಮರುವರ್ಷ.

1880ರಲ್ಲಿ ಅಣ್ಣನೂ ಅಗಲಿದನು. ಅದೇ ವರ್ಷ ಬಿಪಿನ್ ಬಿಹಾರಿ ದಾಸರೆಂಬ ಬಂಗಾಳಿ ವಕೀಲರನ್ನು ಜಾತಿಯ ಎಲ್ಲೆಯನ್ನು ಮೀರಿ ವಿವಾಹವಾದರು. ಸಿಲ್ಚಾರಿನ ಮನೆಯಲ್ಲಿ ದೊರೆತ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಅವರ ಮನಸ್ಸನ್ನು ಮೊದಲು ಸೆಳೆಯಿತು. 1882ರ ಫೆಬ್ರವರಿಯಲ್ಲಿ ಪತಿಯು ಕಾಲರಾಕ್ಕೆ ಬಲಿಯಾದರು. ಹಸುಗೂಸು ಮನೋರಮೆಯೊಡನೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ವೈದ್ಯವಿದ್ಯೆಯ ಆಶೆಯಿಂದ 1883ರಲ್ಲಿ ಇಂಗ್ಲೆಂಡಿಗೆ ತೆರಳಿದರು.

ಅಲ್ಲಿ ವಾಂಟೇಜಿನ ಸಂನ್ಯಾಸಿನಿಯರು ಅವರಿಗೆ ಆಶ್ರಯವಿತ್ತರು. ಪತಿತೆಯರೆಂದು ಲೋಕವು ತಳ್ಳಿದ ಹೆಂಗಸರನ್ನು ಆ ಸೋದರಿಯರು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ವಾತ್ಸಲ್ಯದಿಂದ ಸಲಹುತ್ತಿದ್ದುದನ್ನು ಕಂಡು ರಮಾಬಾಯಿ ವಿಸ್ಮಿತರಾದರು. ಇದಕ್ಕೆ ಪ್ರೇರಣೆಯೇನೆಂದು ವಿಚಾರಿಸಿದಾಗ, ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಏಸು ಸಂಭಾಷಿಸಿದ ಪ್ರಸಂಗವನ್ನು ಓದಿ ತೋರಿಸಿದರು. ತಿರಸ್ಕೃತೆಯಾದ ಹೆಣ್ಣಿಗೂ ಜೀವಜಲದ ಅಧಿಕಾರವುಂಟೆಂಬ ಆ ಮಾತು ಅವರ ಎದೆಯಲ್ಲಿ ನಾಟಿತು. 1883ರ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನವನ್ನು ಸ್ವೀಕರಿಸಿದರು. ಆದರೂ ಬುದ್ಧಿಯನ್ನು ಯಾರಿಗೂ ಒತ್ತೆಯಿಡಲಿಲ್ಲ. ಸಸ್ಯಾಹಾರವನ್ನು ಬಿಡಲಿಲ್ಲ, ಲ್ಯಾಟಿನ್ ಬರಹವಿದ್ದ ಶಿಲುಬೆಯನ್ನು ಧರಿಸಲೊಪ್ಪಲಿಲ್ಲ, ಒಪ್ಪಿಗೆಯಾಗದ ತತ್ತ್ವಗಳನ್ನು ಕುರಿತು ಗುರುಸ್ಥಾನದಲ್ಲಿದ್ದವರೊಡನೆಯೇ ವಾದಿಸಿದರು.

ಅಮೆರಿಕೆಯಲ್ಲಿ ಸಂಚರಿಸಿ ಸಹಾಯಧನವನ್ನು ಸಂಗ್ರಹಿಸಿ, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಬಾಲವಿಧವೆಯರಿಗೆ ವಿದ್ಯೆ, ಮತದ ವಿಷಯದಲ್ಲಿ ನಿರ್ಬಂಧವಿಲ್ಲ ಎಂಬುದು ಅದರ ಕಟ್ಟಳೆ. ಮರುವರ್ಷ ಅದು ಪುಣೆಗೆ ಸ್ಥಳಾಂತರವಾಯಿತು. ಈ ನಡುವೆ 1891ರ ವೇಳೆಗೆ ಅವರ ಅಂತರಂಗದಲ್ಲಿ ಮತ್ತೊಂದು ಪರಿವರ್ತನೆಯಾಯಿತು. ಕ್ರೈಸ್ತಮತವು ತನಗೆ ದೊರೆತಿದ್ದರೂ ಕ್ರಿಸ್ತನು ಇನ್ನೂ ದೊರೆತಿಲ್ಲವೆಂಬ ಅರಿವು ಅವರನ್ನು ಬಾಧಿಸಿತು. ವಿದ್ಯೆಯ ಅಭಿಮಾನವನ್ನು ಕಳೆದು ದೇವರಿಗೆ ತನ್ನನ್ನೇ ಒಪ್ಪಿಸಿಕೊಂಡಾಗ, ಬಾಲ್ಯದಿಂದ ಅರಸುತ್ತಿದ್ದ ತೃಪ್ತಿಯು ಲಭಿಸಿತು.

ಆ ತೃಪ್ತಿಗೆ ಬೆಲೆಯನ್ನೂ ತೆರಬೇಕಾಯಿತು. ತೆರೆದ ಬಾಗಿಲಿನ ಕೊಠಡಿಯಲ್ಲಿ ರಮಾಬಾಯಿ ಪ್ರಾರ್ಥಿಸುವಾಗ ಕೆಲವು ಬಾಲಿಕೆಯರೂ ಬಂದು ಕುಳಿತುಕೊಳ್ಳುತ್ತಿದ್ದರು. ಅವರನ್ನು ತಡೆಯುವುದು ತನ್ನ ಧರ್ಮವಲ್ಲವೆಂದು ಇವರು ಭಾವಿಸಿದರು. ನಂಬಿ ಮಕ್ಕಳನ್ನು ಒಪ್ಪಿಸಿದ್ದ ಹಿರಿಯರಿಗೆ ವಚನಭಂಗವಾಯಿತೆನಿಸಿತು. ತಿಲಕರ ‘ಕೇಸರಿ’ ಪತ್ರಿಕೆಯು ಖಂಡಿಸಿತು. 1893ರಲ್ಲಿ ರಾನಡೆ, ಭಂಡಾರ್ಕರರಂತಹ ಹಿತೈಷಿಗಳೇ ಸಲಹಾಮಂಡಲಿಯಿಂದ ಹಿಂದೆ ಸರಿದರು. ಅನೇಕ ಬಾಲಿಕೆಯರನ್ನು ಪೋಷಕರು ಬಿಡಿಸಿಕೊಂಡು ಹೋದರು. ಎರಡೂ ಪಕ್ಷದಲ್ಲಿ ಸಜ್ಜನರಿದ್ದರು, ನೋವೂ ಇತ್ತು. ಸದನ ಮಾತ್ರ ಮುಚ್ಚಲಿಲ್ಲ.

1896–97ರ ಕ್ಷಾಮಕಾಲದಲ್ಲಿ ಹಿಂದಿನ ಹಸಿವಿನ ನೆನಪು ಅವರನ್ನು ಮಧ್ಯಪ್ರಾಂತಕ್ಕೆ ಕರೆದೊಯ್ದಿತು. ಅನಾಥ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದು ಪುಣೆಯ ಸಮೀಪದ ಕೇಡಗಾವಿನಲ್ಲಿ ನೆಲೆಗೊಳಿಸಿದರು. ಆ ನಿವಾಸವೇ ‘ಮುಕ್ತಿ’. 1900ರ ಗುಜರಾತ್ ಕ್ಷಾಮದ ತರುವಾಯ ಅಲ್ಲಿನ ಆಶ್ರಿತರ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಏರಿತು. ಮುಕ್ತಿಯು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆಯಾಗಿತ್ತು. ಅಕ್ಷರಾಭ್ಯಾಸದೊಡನೆ ನೇಯ್ಗೆ, ಬೇಸಾಯ, ಮುದ್ರಣ ಮೊದಲಾದ ಕಸುಬುಗಳನ್ನು ಹೆಣ್ಣುಮಕ್ಕಳೇ ಕಲಿತು ನಡೆಸಿದರು. ಕಲಬುರಗಿಯಲ್ಲಿಯೂ 1912ರಲ್ಲಿ ಶಾಲೆಯೊಂದನ್ನು ಆರಂಭಿಸಿ ಮನೋರಮೆಗೆ ಅದರ ಹೊಣೆಯನ್ನಿತ್ತರು.

ಕಡೆಗಾಲದಲ್ಲಿ ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಸಿಸಿ, ಸಾಮಾನ್ಯ ಸ್ತ್ರೀಯರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲನ್ನು ಅನುವಾದಿಸಿದರು. ತನಗೆ ಉತ್ತರಾಧಿಕಾರಿಯಾಗಬೇಕಿದ್ದ ಮನೋರಮೆ 1921ರಲ್ಲಿ ತೀರಿಕೊಂಡರೂ ಕೈಗೊಂಡ ಕಾರ್ಯವನ್ನು ಬಿಡದೆ ಪೂರೈಸಿ, 1922ರ ಏಪ್ರಿಲ್ 5ರಂದು ಇಹಲೋಕವನ್ನು ತ್ಯಜಿಸಿದರು.

ಅವರು ಸೇರಿದ ಮತವನ್ನು ಒಪ್ಪದವರೂ ಆ ಬಾಳಿಗೆ ತಲೆಬಾಗುವರು. ತನ್ನ ದಾಹ ತೀರಿದೊಡನೆ ಬಾವಿಯ ಕಟ್ಟೆಯನ್ನು ಬಿಟ್ಟು ಹೋಗದೆ, ಬಾಯಾರಿ ಬಂದ ಸಾವಿರಾರು ಮಕ್ಕಳಿಗೆ ನೀರು ಸೇದುತ್ತಲೇ ಅವರು ಆಯುಷ್ಯವನ್ನು ಕಳೆದರು. ಕಾಯಕ ದಾಸೋಹಗಳನ್ನು ಉಸಿರಾಗಿಸಿಕೊಂಡ ನಾಡಿಗೆ ಈ ಭಕ್ತಿಯ ಪರಿಯು ಅಪರಿಚಿತವಲ್ಲ.