ಗ್ರಂಥದಾಸೋಹಿ ಡಾ. ಎಸ್. ಆರ್. ರಂಗನಾಥನ್

ಪುಣಜನೂರಿನಿಂದ ಕಾಡಿನ ಹಾದಿಯಲ್ಲಿ ದಕ್ಷಿಣಕ್ಕೆ ಸಾಗಿ, ಹಾಸನೂರನ್ನು ದಾಟಿ, ದಿಂಬಂ ಘಟ್ಟವನ್ನು ಇಳಿದರೆ ಸತ್ಯಮಂಗಲ. ಅಲ್ಲಿಂದ ಮುಂದೆ ಕೊಯಮತ್ತೂರು. ಈ ಸೀಮೆಯ ಜನರಿಗೆ ಚಿರಪರಿಚಿತವಾದ ಈ ದಾರಿಯ ಕೊನೆಯಲ್ಲಿರುವ ಕೊಯಮತ್ತೂರಿನ ಸರಕಾರಿ ಕಾಲೇಜಿನಲ್ಲಿ, ಅದಕ್ಕೂ ಮೊದಲು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ, ಗಣಿತದ ಅಧ್ಯಾಪಕರಾಗಿದ್ದ ತರುಣರೊಬ್ಬರು ಮುಂದೆ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆಂದು ಲೋಕವಿಖ್ಯಾತರಾದರು. ಅವರೇ ಡಾ. ಶಿಯಾಳಿ ರಾಮಾಮೃತ ರಂಗನಾಥನ್.

ಮಠಗಳ ಪರಂಪರೆಯಲ್ಲಿ ಅನ್ನದಾಸೋಹಕ್ಕೂ ಜ್ಞಾನದಾಸೋಹಕ್ಕೂ ಭೇದವಿಲ್ಲ. ದಾಸೋಹದಲ್ಲಿ ಉಗ್ರಾಣ ತುಂಬಿರುವುದು ಅವಶ್ಯ. ಆದರೆ ಪಂಕ್ತಿಯಲ್ಲಿ ಕುಳಿತವನ ಎಲೆಯನ್ನು ನೋಡಿ ಬಡಿಸುವ ಕೈ ಅದಕ್ಕಿಂತಲೂ ಅವಶ್ಯ. ಶತಮಾನದ ಹಿಂದೆ ದೇಶದ ಬಹುಪಾಲು ಕಾಲೇಜುಗಳ ಗ್ರಂಥಾಲಯಗಳು ಉಗ್ರಾಣಗಳಾಗಿದ್ದವು. ಅವುಗಳಿಗೆ ಬಡಿಸುವ ಕೈಯನ್ನು ತಂದುಕೊಟ್ಟವರು ರಂಗನಾಥನ್ ಅವರು.

ಅವರು ಜನಿಸಿದ್ದು 1892ರ ಆಗಸ್ಟ್ ತಿಂಗಳಿನಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಆರನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಸ್ವಗ್ರಾಮದ ಹಿಂದೂ ಪ್ರೌಢಶಾಲೆಯಲ್ಲಿ ಕಲಿತು, ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿ, 1913ರಲ್ಲಿ ಬಿ. ಎ. ಪದವಿಯನ್ನೂ 1916ರಲ್ಲಿ ಗಣಿತದಲ್ಲಿ ಎಂ. ಎ. ಪದವಿಯನ್ನೂ ಪಡೆದರು. ಅಲ್ಲಿನ ಗಣಿತ ಪ್ರಾಧ್ಯಾಪಕ ಎಡ್ವರ್ಡ್ ರಾಸ್ ಅವರು ರಂಗನಾಥನ್ನರಿಗೆ ಜೀವನಪರ್ಯಂತ ಗುರುಗಳಾಗಿ ಉಳಿದರು. 1917ರಲ್ಲಿ ಮಂಗಳೂರಿನಲ್ಲಿ ಅಧ್ಯಾಪನ ವೃತ್ತಿ ಆರಂಭವಾಯಿತು. ಮಾತನಾಡುವಾಗ ನಾಲಗೆ ತಡವರಿಸುವ ತೊಂದರೆ ಅವರಿಗಿತ್ತು. ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ಅಡಚಣೆ ಮತ್ತೊಂದಿಲ್ಲ. ಅವರು ವೃತ್ತಿಯನ್ನು ಬಿಡದೆ ಅಡಚಣೆಯನ್ನೇ ಅಭ್ಯಾಸದಿಂದ ಹಿಂದಿಕ್ಕಿದರು. 1921ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಬಂದರು.

1923ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಗ್ರಂಥಪಾಲಕರ ಹುದ್ದೆಯನ್ನು ನಿರ್ಮಿಸಿ ಅರ್ಜಿಗಳನ್ನು ಆಹ್ವಾನಿಸಿತು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವೂ ಮದರಾಸು ಪ್ರಾಂತ್ಯದಲ್ಲಿಯೇ ಇದ್ದುದರಿಂದ ಆ ವಿಶ್ವವಿದ್ಯಾನಿಲಯ ಕನ್ನಡಿಗರಿಗೂ ದೂರದ್ದಾಗಿರಲಿಲ್ಲ. ಸುಮಾರು 900 ಮಂದಿ ಅರ್ಜಿ ಹಾಕಿದ್ದರು. ಗ್ರಂಥಾಲಯ ಕಾರ್ಯದಲ್ಲಿ ತರಬೇತಿ ಪಡೆದವರು ಅವರಲ್ಲಿ ಒಬ್ಬರೂ ಇರಲಿಲ್ಲ. ರಂಗನಾಥನ್ನರಿಗೂ ಆ ವಿಷಯದಲ್ಲಿ ಇದ್ದ ಜ್ಞಾನವೆಂದರೆ ಸಂದರ್ಶನಕ್ಕೆ ಕೆಲವು ದಿನಗಳ ಮುಂಚೆ ಬ್ರಿಟಾನಿಕಾ ವಿಶ್ವಕೋಶದಲ್ಲಿ ಓದಿಕೊಂಡಷ್ಟೇ. ಗಣಿತದಲ್ಲಿ ಅವರು ಬರೆದಿದ್ದ ಕೆಲವು ಸಂಶೋಧನ ಲೇಖನಗಳು ಸಮಿತಿಯ ಮನಸ್ಸನ್ನು ಒಲಿಸಿದವು.

1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡವರಿಗೆ ಕೆಲವೇ ದಿನಗಳಲ್ಲಿ ಬೇಸರ ಹತ್ತಿತು. ತರಗತಿಯ ತುಂಬ ವಿದ್ಯಾರ್ಥಿಗಳನ್ನು ಕಂಡವರು ಈಗ ಮೌನದ ನಡುವೆ ಒಬ್ಬರೇ ಕುಳಿತಿದ್ದರು. ಅಧಿಕಾರಿಗಳಲ್ಲಿಗೆ ಹೋಗಿ ತಮ್ಮನ್ನು ಮರಳಿ ಪಾಠಕ್ಕೇ ಕಳುಹಿಸಬೇಕೆಂದು ಬೇಡಿಕೊಂಡರು. ಮೊದಲು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯ ಶಿಕ್ಷಣವನ್ನು ಮುಗಿಸಿ ಬರಬೇಕು, ಬಂದ ಮೇಲೂ ಮನಸ್ಸು ಒಪ್ಪದಿದ್ದರೆ ಗಣಿತದ ಹುದ್ದೆ ಕಾದಿರುತ್ತದೆ ಎಂಬ ಒಪ್ಪಂದವಾಯಿತು. ವಿದ್ಯಾರ್ಥಿಗಳಿಲ್ಲದ ಗ್ರಂಥಾಲಯ ಅವರಿಗೆ ಬೇಡವಾಗಿತ್ತು ಎಂಬ ಈ ಸಂಗತಿಯನ್ನು ಜೀವನಚರಿತ್ರೆಕಾರರು ವಿನೋದವಾಗಿ ಹೇಳಿ ಮುಂದೆ ಸಾಗುವುದುಂಟು. ವಾಸ್ತವದಲ್ಲಿ ಅವರ ಮುಂದಿನ ಸಾಧನೆಯ ಬೀಜವಿರುವುದು ಈ ಬೇಸರದಲ್ಲಿಯೇ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಅವರ ಮಾರ್ಗದರ್ಶನ ದೊರೆಯಿತು. ಪಾಠಕ್ಕಿಂತ ಹೆಚ್ಚಾಗಿ ಅವರ ಕಣ್ತೆರೆಸಿದ್ದು ಪ್ರವಾಸ. ಆ ದೇಶದ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಸುತ್ತಿ ನೋಡಿದರು. ಅಲ್ಲಿ ಮಕ್ಕಳೂ ಕಾರ್ಮಿಕರೂ ಗೃಹಿಣಿಯರೂ ಪುಸ್ತಕಗಳ ಸಾಲುಗಳ ನಡುವೆ ತಾವೇ ನಡೆದಾಡಿ, ಬೇಕಾದುದನ್ನು ಕೈಯಾರೆ ತೆಗೆದುಕೊಳ್ಳುತ್ತಿದ್ದರು. ಅಂಗಡಿಯೊಂದರಲ್ಲಿ ಕಂಡ ಮೆಕ್ಯಾನೊ ಎಂಬ ಮಕ್ಕಳ ಆಟಿಕೆ, ಅಂದರೆ ಅವೇ ಪಟ್ಟಿಗಳನ್ನೂ ತಿರುಪುಗಳನ್ನೂ ಬೇರೆ ಬೇರೆ ಬಗೆಯಲ್ಲಿ ಜೋಡಿಸಿ ಹೊಸ ಹೊಸ ಆಕೃತಿಗಳನ್ನು ಮಾಡುವ ಸಾಧನ, ಅವರಿಗೆ ವರ್ಗೀಕರಣದ ಹೊಸ ದಾರಿಯನ್ನು ತೋರಿತು. ಒಂದು ಗ್ರಂಥದ ವಿಷಯವನ್ನೂ ಹೀಗೆಯೇ ಬಿಡಿ ಅಂಶಗಳಿಂದ ಕಟ್ಟಬಹುದೆಂಬ ಆ ಆಲೋಚನೆ ಬೆಳೆದು, 1933ರಲ್ಲಿ ಕೋಲನ್ ವರ್ಗೀಕರಣ ಪದ್ಧತಿಯಾಗಿ ಪ್ರಕಟವಾಯಿತು. ಪಂಡಿತಲೋಕ ಅದನ್ನು ಕೊಂಡಾಡಿತು. ಆದರೆ ಅದರ ಜಟಿಲತೆಯಿಂದಾಗಿ ಭಾರತದಲ್ಲಿಯೂ ಹೆಚ್ಚಿನ ಗ್ರಂಥಾಲಯಗಳು ಡ್ಯೂಯಿಯವರ ದಶಾಂಶ ಪದ್ಧತಿಯನ್ನೇ ಉಳಿಸಿಕೊಂಡವೆಂಬುದನ್ನು ಮರೆಯಲಾಗದು.

1925ರಲ್ಲಿ ಮರಳಿ ಬಂದವರು ಗಣಿತದ ಹುದ್ದೆಯ ಮಾತನ್ನೇ ಎತ್ತಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಕಾಲ, ದಿನಕ್ಕೆ ಹದಿಮೂರು ಗಂಟೆ, ವಾರದ ಏಳು ದಿನವೂ, ರಜೆಯಿಲ್ಲದೆ ದುಡಿದರು. ಇದಕ್ಕೆ ಕಾಯಕವೆಂಬ ಹೆಸರು ಸಲ್ಲದಿದ್ದರೆ ಇನ್ನಾವುದಕ್ಕೆ ಸಲ್ಲಬೇಕು? ಬೀರುಗಳ ಬೀಗ ತೆಗೆಸಿ ಓದುಗರನ್ನು ಪುಸ್ತಕಗಳ ಬಳಿಗೆ ನೇರವಾಗಿ ಬಿಟ್ಟರು. ಪುಸ್ತಕಗಳು ಕಳವಾಗುತ್ತವೆಂಬ ಅಳುಕು ಆಗ ಎಲ್ಲೆಡೆಯೂ ಇತ್ತು. ಹತ್ತು ಪುಸ್ತಕ ಕಳೆದುಹೋಗುವುದಕ್ಕಿಂತ ಸಾವಿರ ಪುಸ್ತಕ ಯಾರೂ ಮುಟ್ಟದೆ ಧೂಳು ಹಿಡಿಯುವುದೇ ದೊಡ್ಡ ನಷ್ಟವೆಂಬುದು ಅವರ ನಿಲುವಿನ ತಿರುಳು.

ಈ ಅನುಭವವನ್ನೆಲ್ಲ ಕೆಲವೇ ಮೂಲತತ್ತ್ವಗಳಿಗೆ ಇಳಿಸಬೇಕೆಂಬ ಹಂಬಲ ಗಣಿತಜ್ಞರಾದ ಅವರನ್ನು ಬಹುಕಾಲ ಕಾಡಿತು. 1928ರಲ್ಲಿ ಒಂದು ಸಂಜೆ ಗುರು ರಾಸ್ ಅವರು ಬಂದಾಗ ಶಿಷ್ಯರು ತಮ್ಮ ತೊಡಕನ್ನು ತೋಡಿಕೊಂಡರು. ಪುಸ್ತಕವಿರುವುದು ಬಳಸುವುದಕ್ಕೆ ಎಂಬುದೇ ಮೊದಲ ಸೂತ್ರವಲ್ಲವೇ ಎಂದು ಗುರುಗಳು ಸಹಜವಾಗಿ ಸೂಚಿಸಿದರು. ಉಳಿದ ನಾಲ್ಕು ಸೂತ್ರಗಳು ಅದರ ಬೆನ್ನಲ್ಲೇ ಮೂಡಿದವು. ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಗ್ರಂಥ ದೊರೆಯಬೇಕು. ಪ್ರತಿಯೊಂದು ಗ್ರಂಥವೂ ತನಗೆ ತಕ್ಕ ಓದುಗನನ್ನು ಸೇರಬೇಕು. ಓದುಗನ ಕಾಲ ವ್ಯರ್ಥವಾಗಬಾರದು. ಗ್ರಂಥಾಲಯ ಸದಾ ಬೆಳೆಯುತ್ತಿರುವ ಜೀವಿ. ಇವು 1931ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಆದರೆ 1928 ಅವರ ಪಾಲಿಗೆ ದುಃಖದ ವರ್ಷವೂ ಹೌದು. ಪತ್ನಿ ರುಕ್ಮಿಣಿಯವರು ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ದೇವಾಲಯದ ಕೊಳದಲ್ಲಿ ಅಪಘಾತಕ್ಕೆ ಸಿಲುಕಿ ಅಸುನೀಗಿದರು. ಮರುವರ್ಷ ಶಾರದಾ ಅವರೊಡನೆ ವಿವಾಹವಾಯಿತು. ವಿವಾಹದ ದಿನ ಮಧ್ಯಾಹ್ನವೇ ಅವರು ಗ್ರಂಥಾಲಯಕ್ಕೆ ಕೆಲಸಕ್ಕೆ ಬಂದಿದ್ದರು.

ಈ ಸೂತ್ರಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವವರು ಬಹಳ. ಅವು ಆಡಳಿತದಿಂದ ಏನನ್ನು ಬೇಡುತ್ತವೆಂಬುದನ್ನು ಯೋಚಿಸುವವರು ವಿರಳ. ಪುಸ್ತಕ ಬಳಕೆಗೆಂದು ಒಪ್ಪಿದ ಮೇಲೆ ಗ್ರಂಥಾಲಯವನ್ನು ಕಟ್ಟಡದ ಮೂಲೆಯ ಕತ್ತಲೆ ಕೋಣೆಗೆ ತಳ್ಳುವಂತಿಲ್ಲ. ತರಗತಿಗಳು ನಡೆಯುವಾಗ ಮಾತ್ರ ತೆರೆದಿದ್ದು, ವಿದ್ಯಾರ್ಥಿಗೆ ಬಿಡುವಾದೊಡನೆ ಬಾಗಿಲು ಹಾಕುವಂತಿಲ್ಲ. ಕಪಾಟುಗಳು ಕೈಗೆ ಎಟುಕದಷ್ಟು ಎತ್ತರವಿರುವಂತಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬೀಗದ ಕೈಗೊಂಚಲನ್ನು ಹಿಡಿದು ಕುಳಿತ ಕಾವಲುಗಾರ ಸಾಲದು. ಓದುಗನ ಬಳಿಗೆ ಎದ್ದುಬಂದು, ಅವನ ಅಗತ್ಯವನ್ನು ಕೇಳಿ ತಿಳಿದು, ಪುಸ್ತಕವನ್ನು ಹುಡುಕುವ ಬಗೆಯನ್ನು ಕಲಿಸುವ ಸುಶಿಕ್ಷಿತ ಗ್ರಂಥಪಾಲಕ ಬೇಕು. ಪರಾಮರ್ಶನ ಸೇವೆಯೆಂದು ಹೆಸರಾದ ಈ ಕಾರ್ಯವನ್ನು ಅವರು ಗ್ರಂಥಾಲಯದ ಹೃದಯವೆಂದೇ ಭಾವಿಸಿದ್ದರು. ಕಾಲೇಜಿಗೆ ಹೊಸದಾಗಿ ಬಂದ ಹಳ್ಳಿಯ ಹುಡುಗ ಸೂಚಿಯ ಮುಂದೆ ದಿಕ್ಕು ತೋಚದೆ ನಿಂತಾಗ ಅವನ ಓದಿನ ಭವಿಷ್ಯ ನಿರ್ಧಾರವಾಗುವುದು ಆ ಗಳಿಗೆಯಲ್ಲಿಯೇ. ಬೀರುಗಳನ್ನೂ ಪುಸ್ತಕಗಳನ್ನೂ ದಾನವಾಗಿ ನೀಡುವವರು ದೊರೆಯುವಷ್ಟು ಸುಲಭವಾಗಿ ಗ್ರಂಥಪಾಲಕನ ಸಂಬಳಕ್ಕೆ ದಾನಿಗಳು ದೊರೆಯದಿರುವುದು ವಿಷಾದದ ಸಂಗತಿ.

ಊರು ತಲುಪದ ಪುಸ್ತಕದ ಚಿಂತೆಯೂ ಅವರಿಗಿತ್ತು. 1931ರಲ್ಲಿ ಮನ್ನಾರ್‌ಗುಡಿಯ ಕನಕಸಭೆ ಪಿಳ್ಳೆ ಅವರು ಎತ್ತಿನ ಗಾಡಿಯಲ್ಲಿ ಗ್ರಂಥಗಳನ್ನು ಹೇರಿ ಹಳ್ಳಿ ಹಳ್ಳಿಗೆ ಕಳುಹಿಸುವ ಏರ್ಪಾಡನ್ನು ಮಾಡಿದಾಗ ಅದನ್ನು ಉದ್ಘಾಟಿಸಿದವರು ರಂಗನಾಥನ್ನರೇ. ಪುಣಜನೂರಿನ ಸುತ್ತಲ ಸೋಲಿಗರ ಪೋಡುಗಳಂಥ ಎಡೆಗಳಿಗೆ ಈ ಉದಾಹರಣೆ ಇಂದಿಗೂ ಹಳತಾಗಿಲ್ಲ.

ಮದರಾಸನ್ನು ಬಿಟ್ಟು, 1945ರಲ್ಲಿ ಡಾ. ರಾಧಾಕೃಷ್ಣನ್ನರ ಆಹ್ವಾನದ ಮೇರೆಗೆ ಕಾಶಿ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಹೋದರು; ಅಲ್ಲಿನ ಸುಮಾರು ಒಂದು ಲಕ್ಷ ಗ್ರಂಥಗಳನ್ನು ತಾವೊಬ್ಬರೇ ವರ್ಗೀಕರಿಸಿದರು. 1947ರಿಂದ ದೆಹಲಿಯಲ್ಲಿಯೂ ಬಳಿಕ ಕೆಲಕಾಲ ಜೂರಿಕ್‌ನಲ್ಲಿಯೂ ಇದ್ದರು. 1957ರಲ್ಲಿ ಪದ್ಮಶ್ರೀ ಗೌರವ ಸಂದಿತು. ಅದೇ ವರ್ಷ ನೇಮಕಗೊಂಡ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ಗ್ರಂಥಾಲಯ ಸಮಿತಿಗೆ ಅವರೇ ಅಧ್ಯಕ್ಷರು. ಕಾಲೇಜಿನ ಗ್ರಂಥಪಾಲಕರಿಗೆ ಅಧ್ಯಾಪಕರಿಗೆ ಸಮಾನವಾದ ವೇತನವೂ ಸ್ಥಾನವೂ ಸಲ್ಲಬೇಕೆಂದು ಆ ಸಮಿತಿ ಶಿಫಾರಸು ಮಾಡಿತು. ಮದರಾಸು ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕ ಪೀಠಕ್ಕಾಗಿ ಅವರು ತಮ್ಮ ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಗಳನ್ನು ದತ್ತಿಯಾಗಿ ನೀಡಿದರು. ಪೀಠಕ್ಕೆ ಇಟ್ಟ ಹೆಸರಿನಲ್ಲಿ ಪತ್ನಿ ಶಾರದಾ ಅವರ ಹೆಸರು ಮುಂದಿತ್ತು.

ಬಾಳಿನ ಕೊನೆಯ ಘಟ್ಟ ಕನ್ನಡನಾಡಿನಲ್ಲಿಯೇ ಕಳೆಯಿತು. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. ಅವರ ಮಾರ್ಗದರ್ಶನದ ಫಲವಾಗಿ 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ಜಾರಿಯಾಗಿ, ಗ್ರಂಥಾಲಯ ಕರದ ಆಧಾರದ ಮೇಲೆ ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳ ವ್ಯವಸ್ಥೆಗೆ ತಳಹದಿ ಬಿದ್ದಿತು. 1997ರವರೆಗೂ ಮೈಸೂರು ಜಿಲ್ಲೆಗೆ ಸೇರಿದ್ದ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಓದುಗರಿಗೂ ಆ ಅಧಿನಿಯಮದ ಪ್ರಯೋಜನ ದೊರೆಯಿತು. ಅದೇ 1965ರಲ್ಲಿ ಭಾರತ ಸರಕಾರವು ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಬೆಂಗಳೂರಿನ ಕೇಂದ್ರದಲ್ಲಿ ಕಿರಿಯರ ನಡುವೆ ಚರ್ಚೆ ನಡೆಸುತ್ತ, ಗಣಿತವನ್ನು ಬಿಟ್ಟರೂ ಪಾಠವನ್ನು ಬಿಡದೆ ಬಾಳಿದ ಅವರು 1972ರ ಸೆಪ್ಟೆಂಬರ್ 27ರಂದು ಅದೇ ನಗರದಲ್ಲಿ ಕಾಲವಾದರು.